ಪಟ್ಟದ ರಾಜನೂ ಶೀನಣ್ಣನ ಇನ್ವರ್ಟರೂ

ಬಸವನಗುಡಿಯಲ್ಲಿ ಶ್ರೀನಿವಾಸಮೂರ್ತಿಗಳ ಮನೆ ಯಾವುದು ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ‘ನೋಡೋಣ ಶೀನಣ್ಣನ ಮನೆ’ ಎಂದರೆ ಗಾಂಧಿಬಜಾರಿನಲ್ಲಿ ಹೂ ಕಟ್ಟುವವಳೂ ಮಾಲೆಯಿಂದ ತಲೆ ಎತ್ತದೆ ದಾರಿ ಹೇಳುತ್ತಾಳೆ. ಮನುಷ್ಯ ಅಪರಂಜಿ. ಸುಳ್ಳಿಲ್ಲ, ಸಿಡುಕಿಲ್ಲ, ಯಾರ ತಂಟೆಗೂ ಹೋದವರಲ್ಲ. ಇರುವುದು ಒಂದೇ ರೋಗ. ಎರಡು ವಸ್ತು ಮುಂದಿಟ್ಟು ಇದು ಬೇಕೋ ಅದು ಬೇಕೋ ಎಂದರೆ ಮುಗಿಯಿತು, ನಿಂತಲ್ಲೇ ಕಂಬವಾಗುತ್ತಾರೆ. ಬಲಗೈ ಗಲ್ಲಕ್ಕೆ ಹೋಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ‘ನೋಡೋಣ’ ಎಂಬ ಒಂದೇ ಮಾತು ಹೊರಡುತ್ತದೆ. ಆಮೇಲೆ ನೀವು ಮನೆಗೆ ಹೋಗಿ ಊಟ ಮಾಡಿಕೊಂಡು ಬರಬಹುದು.

ಒಂದು ಸಲ ಕೊಡೆ ಕೊಳ್ಳಲು ಹೊರಟರು. ಮಡಚುವ ಕೊಡೆಯೋ, ಉದ್ದ ಹಿಡಿಯ ಕೊಡೆಯೋ ಎಂದು ಅಂಗಡಿ ಅಂಗಡಿ ತಿರುಗಿ ಹೋಲಿಸಿ ಮುಗಿಸುವಷ್ಟರಲ್ಲಿ ಮಳೆಗಾಲ ಮುಗಿದು ಅವರೆಕಾಯಿ ಬಂದಿತ್ತು. ನೆನೆದು ಶೀತವಾದದ್ದು ಮಾತ್ರ ಲಾಭ. ಹೆಗಲಿಗೆ ನೇತುಹಾಕಿಕೊಂಡು ಹೋಗುವ ಹಳದಿ ಬಟ್ಟೆಯ ಚೀಲ ಹೇಗೆ ಹೋಯಿತೋ ಹಾಗೆಯೇ ಖಾಲಿ ಬರುತ್ತದೆ. ಮೂಲೆಯ ಹೋಟೆಲಿನವನು ಜಾಣ. ದೋಸೆಯೋ ಇಡ್ಲಿಯೋ ಎಂದು ಅವರನ್ನು ಕೇಳುವುದನ್ನೇ ಬಿಟ್ಟು, ತನಗೆ ಯಾವುದು ಮಿಕ್ಕಿದೆಯೋ ಅದನ್ನು ತಂದಿಟ್ಟು ಹೋಗುತ್ತಾನೆ. ಕಚೇರಿಯಲ್ಲಿ ಇದ್ದಷ್ಟು ಕಾಲ ಈ ರೋಗಕ್ಕೆ ಒಳ್ಳೆಯ ಮರ್ಯಾದೆಯಿತ್ತು, ಬಡ್ತಿಯೂ ಸಿಕ್ಕಿತು. ಯಾವ ಕಚೇರಿ ಎಂದು ಹೇಳುವುದು ಬೇಡ.

ಹೀಗಿದ್ದವರಿಗೆ ಮದುವೆ ಹೇಗಾಯಿತು ಎಂದು ಕೇಳಬೇಕಾದದ್ದೇ. ಚಾಮರಾಜಪೇಟೆಗೆ ಹೆಣ್ಣು ನೋಡಲು ಹೋಗಿದ್ದರು. ಕೇಸರಿಬಾತು ಖಾಲಿಯಾಯಿತು, ಬಜ್ಜಿ ಖಾಲಿಯಾಯಿತು, ಕಾಫಿ ಎರಡನೆಯ ಸಲ ಬಂತು. ಹುಡುಗಿಯ ತಂದೆ ಕೈ ಹೊಸೆಯುತ್ತ, “ಏನಂತೀರಪ್ಪ?” ಎಂದರು. ಶೀನಣ್ಣನ ಕೈ ಗಲ್ಲಕ್ಕೆ ಹೋಯಿತು.

“ನೋಡೋಣ.”

ಆಗ ಬಾಗಿಲ ಪರದೆಯ ಹಿಂದಿನಿಂದ ಗಟ್ಟಿಯಾಗಿ ಒಂದು ದನಿ ಬಂತು. “ನೋಡಿದ್ದಾಯ್ತಲ್ಲಪ್ಪ, ಇನ್ನೇನು ನೋಡೋದಂತೆ?”

ಹಿರಿಯರೆಲ್ಲ ತಬ್ಬಿಬ್ಬಾದರು. ಶೀನಣ್ಣನಿಗೆ ಮಾತ್ರ ಹೆಗಲ ಮೇಲಿನ ಅಕ್ಕಿಮೂಟೆಯನ್ನು ಯಾರೋ ಇಳಿಸಿದ ಹಾಗಾಯಿತು. “ಹೌದಲ್ಲ,” ಎಂದರು. ಆ ದನಿಯೇ ತುಳಸಮ್ಮ. ಅಂದಿನಿಂದ ಮನೆಯಲ್ಲಿ ತೀರ್ಮಾನವೆಲ್ಲ ಅವರದು, ಹೋಲಿಕೆಯೆಲ್ಲ ಇವರದು. ಸಂಸಾರ ಸುಖವಾಗಿಯೇ ಇತ್ತು.

ತುಳಸಮ್ಮ ತವರಿನಿಂದ ಎರಡು ಸಾಮಾನು ತಂದಿದ್ದರು. ಒಂದು ಪಟ್ಟದ ಗೊಂಬೆ, ಅಂದರೆ ಮದುವೆಯಲ್ಲಿ ಹೆಣ್ಣಿಗೆ ಕೊಡುವ ಮರದ ರಾಜ ರಾಣಿ. ದಸರೆಯಲ್ಲಿ ಬೇರೆ ಯಾವ ಗೊಂಬೆ ಕೂತರೂ ಬಿಟ್ಟರೂ ಈ ಜೋಡಿ ಕೂರಲೇಬೇಕು. ಇನ್ನೊಂದು, ಅವರಪ್ಪ ಮಗಳಿಗಾಗಿ ತಗಡು ಕತ್ತರಿಸಿ, ಹಳೆಯ ಫ್ಯಾನಿನ ಮೋಟಾರು ಜೋಡಿಸಿ ಕೈಯಾರೆ ಮಾಡಿದ ರೈಲು. ಗೊಂಬೆ ಮೆಟ್ಟಿಲಿನ ಮುಂದೆ ಮಣ್ಣು ಹರಡಿ, ರಾಗಿ ಪೈರು ಬೆಳೆಸಿ, ಕನ್ನಡಿಯ ಚೂರನ್ನು ಕೆರೆ ಮಾಡಿ ತುಳಸಮ್ಮ ಪಾರ್ಕು ಕಟ್ಟುತ್ತಾರೆ. ರೈಲು ಆ ಪೈರಿನ ನಡುವೆ ಕಿಟಿಕಿಟಿ ಎನ್ನುತ್ತ ಓಡಿ, ರಟ್ಟಿನ ಸುರಂಗದೊಳಗೆ ನುಗ್ಗಿ, ಆ ಕಡೆಯಿಂದ ಹೊರಗೆ ಬರುತ್ತದೆ. ಅಪ್ಪ ಈಗಿಲ್ಲ. ರೈಲು ಸುರಂಗದಿಂದ ಹೊರಬಂದಾಗಲೆಲ್ಲ ತುಳಸಮ್ಮನವರ ಮುಖ ಅರಳುವುದನ್ನು ನೋಡಬೇಕು. ಶೀನಣ್ಣ ಪ್ರತಿ ದಸರೆಯಲ್ಲೂ ರೈಲಿನ ಕಡೆಗೆ ಕತ್ತು ತಿರುಗಿಸದೆ ಆ ಮುಖವನ್ನೇ ನೋಡುತ್ತ ಕೂರುತ್ತಿದ್ದರು.

ಹೋದ ದಸರೆಯಲ್ಲಿ ಅನಾಹುತವಾಯಿತು. ಎದುರುಮನೆಯ ಭಾಗೀರಥಮ್ಮ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಗೊಂಬೆ ನೋಡಲು ಬಂದರು. ರೈಲು ಸುರಂಗದೊಳಗೆ ಹೋಯಿತು, ಕರೆಂಟು ಹೋಯಿತು. ಎಲ್ಲರೂ ಕಾದರು. ಯಾರೋ ಒಂದು ದೇವರನಾಮ ಹಾಡಿದರು. ಕಡಲೆ ಉಸಲಿ ಹಂಚಿದ್ದಾಯಿತು, ಅರಿಶಿನ ಕುಂಕುಮ ಆಯಿತು. ರೈಲು ಹೊರಗೆ ಬರಲಿಲ್ಲ.

“ಪಾಪ, ಕ್ರಾಸಿಂಗ್‌ಗೆ ನಿಂತಿರ್ಬೇಕು ಬಿಡಿ,” ಎಂದರು ಭಾಗೀರಥಮ್ಮ. ಕತ್ತಲೆಯಲ್ಲಿ ಎಲ್ಲರೂ ಕಿಸಕ್ಕನೆ ನಕ್ಕರು.

ತುಳಸಮ್ಮನೂ ನಕ್ಕರು. ಎಲ್ಲರೂ ಹೋದ ಮೇಲೆ ಸುರಂಗದೊಳಗೆ ಕೈ ಹಾಕಿ ರೈಲನ್ನು ಈಚೆಗೆ ಎಳೆದು, ಹಳೆಯ ಸೀರೆಯಲ್ಲಿ ಸುತ್ತಿದರು. “ಏನೂಂದ್ರೆ, ಮುಂದಿನ್ ವರ್ಷಕ್ಕೆ ಕರೆಂಟಿಗೊಂದು ದಾರಿ ಮಾಡಿ. ಮಾಡಿದ್ರೆ ಪಾರ್ಕು. ಇಲ್ದಿದ್ರೆ ಅಪ್ಪನ ರೈಲು ಇನ್ಮೇಲೆ ಅಟ್ಟದ ಮೇಲೇ ಇರುತ್ತೆ. ನಾಲ್ಕು ಜನರ ಮುಂದೆ ಅದಕ್ಕೆ ಅವಮಾನ ಮಾಡ್ಸಲ್ಲ ನಾನು.” ದನಿ ಕೊನೆಯಲ್ಲಿ ಒಡೆಯಿತು.

ಅಷ್ಟು ಪುಟ್ಟ ರೈಲಿಗೆ ಒಂದು ಸಣ್ಣ ಬ್ಯಾಟರಿ ಸಾಕಿತ್ತಲ್ಲ ಎಂದು ನೀವು ಹೇಳುತ್ತೀರಿ. ಎಲ್ಲರೂ ಅದನ್ನೇ ಹೇಳಿದರು. ಶೀನಣ್ಣ ಕೇಳಬೇಕಲ್ಲ! “ಮಾಡೋದೇ ಆದ್ರೆ ಭದ್ರವಾಗಿ ಮಾಡೋಣ, ಮನೆಗೇ ಸೋಲಾರ್ ಹಾಕ್ಸೋಣ,” ಎಂದು ಎದೆಯುಬ್ಬಿಸಿ ಚಾಮರಾಜಪೇಟೆಯ ಮುನಿಸ್ವಾಮಿಯ ಅಂಗಡಿಗೆ ಹೋದರು. ಅಲ್ಲಿ ಮುನಿಸ್ವಾಮಿ ಪಾಪ, ಏನೂ ತಿಳಿಯದೆ ಒಂದು ಪ್ರಶ್ನೆ ಕೇಳಿಬಿಟ್ಟ.

“ಸಾರ್, ಇನ್ವರ್ಟರ್ ಯಾವ್ದು ಹಾಕ್ಲಿ? ಆಫ್‌ಗ್ರಿಡ್ಡಾ, ಹೈಬ್ರಿಡ್ಡಾ?”

ಶೀನಣ್ಣನ ಕೈ ಗಲ್ಲಕ್ಕೆ ಹೋಯಿತು.

“ಬಾಳಾ ಸುಲಭ ಸಾರ್,” ಎಂದ ಮುನಿಸ್ವಾಮಿ. “ಆಫ್‌ಗ್ರಿಡ್ ಅಂದ್ರೆ ಬರೀ ಬೋರ್‌ವೆಲ್ ಇರೋ ಮನೆ. ಹೊರಗಿನ ಲೈನಿಗೂ ನಿಮಗೂ ಸಂಬಂಧ ಇಲ್ಲ. ಬಿಸಿಲು ಬಂದ್ರೆ ಬ್ಯಾಟರಿ ತುಂಬ್ತು, ಬ್ಯಾಟರಿ ಮುಗಿದ್ರೆ ಕತ್ಲೆ. ಅದಕ್ಕೇ ಬ್ಯಾಟರಿ ಜಾಸ್ತಿ ಹಾಕ್ಬೇಕು. ಹೈಬ್ರಿಡ್ ಅಂದ್ರೆ ಬೋರೂ ಇದೆ, ಕಾವೇರಿ ನಲ್ಲಿನೂ ಇದೆ. ಬಿಸಿಲಿದ್ರೆ ಸೋಲಾರು, ಸಾಲ್ದಿದ್ರೆ ಲೈನು, ಲೈನ್ ಹೋದ್ರೆ ಬ್ಯಾಟರಿ. ಮಿಕ್ಕಿದ ಕರೆಂಟನ್ನ ಹೊರಗೂ ಕೊಡಬಹುದು. ಆದ್ರೆ ರೇಟು ಜಾಸ್ತಿ, ಮೀಟರಿಗೆ ಒಪ್ಪಿಗೆ ತಗೋಬೇಕು, ಅದು ಇದು ಇರುತ್ತೆ.”

ಇಷ್ಟು ಬಿಡಿಸಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಶೀನಣ್ಣನಿಗೂ ಅರ್ಥವಾಯಿತು. ಅದೇ ತೊಂದರೆಯಾದದ್ದು.

“ನೋಡೋಣ,” ಎಂದರು. ದೀಪಾವಳಿಗೂ ನೋಡೋಣ, ಸಂಕ್ರಾಂತಿಗೂ ನೋಡೋಣ. ಮುನಿಸ್ವಾಮಿ ಆಮೇಲಾಮೇಲೆ ಅವರು ದೂರದಲ್ಲಿ ಬರುವುದು ಕಂಡರೆ ಟೀ ಕುಡಿಯಲು ಎದ್ದುಹೋಗುತ್ತಿದ್ದ.

ಅಂಗಡಿಯ ಮಾತು ನಂಬುವುದು ಬೇಡ, ಹಾಕಿಸಿಕೊಂಡವರ ಮನೆಯಲ್ಲೇ ನೋಡೋಣ ಎಂದು ಬೇಸಿಗೆಯಲ್ಲಿ ಹನುಮಂತನಗರಕ್ಕೆ ಹೊರಟರು. ಅಲ್ಲಿ ಅವರ ಹಳೆಯ ಸ್ಕೂಲು ಗೆಳೆಯ ದೊಡ್ಡಬೈರಪ್ಪ ಹೈಬ್ರಿಡ್ ಹಾಕಿಸಿದ್ದರು. ಬಾಗಿಲು ತೆಗೆದರೆ ಒಳಗೆ ಒಲೆಯ ಮುಂದೆ ನಿಂತ ಹಾಗೆ ಧಗೆ. ದೊಡ್ಡಬೈರಪ್ಪ ಬನಿಯನ್ನಿನಲ್ಲಿ, ಬೆವರಿನಲ್ಲಿ ತೊಯ್ದು, ಒಂದು ಕೈಯಲ್ಲಿ ಪೇಪರು ಬೀಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಕೂತಿದ್ದರು. ತಲೆಯ ಮೇಲಿನ ಫ್ಯಾನು ಅಲ್ಲಾಡುತ್ತಿರಲಿಲ್ಲ.

“ಬಾರೋ ಶೀನ! ನೋಡಿಲ್ಲಿ ಗುರು, ಹೆಂಗೆ ಹೋಗ್ತಿದೆ ಕರೆಂಟು ಹೊರಕ್ಕೆ!”

“ಅದ್ಸರಿ, ಫ್ಯಾನ್ ಹಾಕೋ ಮಾರಾಯ.”

“ಫ್ಯಾನಾ?” ದೊಡ್ಡಬೈರಪ್ಪ ಕೆಟ್ಟ ಮಾತು ಕೇಳಿದವರ ಹಾಗೆ ಬೆಚ್ಚಿದರು. “ಲೋ, ಹಗಲು ಹೊತ್ತಿನ ಕರೆಂಟು ಮಾರೋ ಕರೆಂಟು ಕಣೋ! ಫ್ಯಾನ್ ಹಾಕಿದ್ರೆ ಇಲ್ಲಿ ನಂಬರ್ ಕೆಳಗೆ ಬೀಳುತ್ತೆ. ನಂಗೆ ಎದೆ ಝಲ್ ಅನ್ನುತ್ತೆ.”

ಅಡುಗೆಮನೆಯಿಂದ ಗಡಗಡ ಸದ್ದು. ಅವರ ಹೆಂಡತಿ ಲಕ್ಕಮ್ಮ ನೆಲದ ಮೇಲೆ ಕೂತು ಒರಳಿನಲ್ಲಿ ಮಸಾಲೆ ರುಬ್ಬುತ್ತಿದ್ದರು. “ಬನ್ನಿ ಅಣ್ಣಾ, ಚೆನ್ನಾಗಿದೀರಾ?” ಎಂದರು. “ನಮ್ಮತ್ತೆ ಕಾಲದ ಒರಳು ಇದು. ಮಿಕ್ಸಿ ಮುಟ್ಟಿದ್ರೆ ನಮ್ಮೆಜಮಾನ್ರು ಮೊಬೈಲ್ ಹಿಡ್ಕೊಂಡು ಓಡ್ಬರ್ತಾರೆ. ಮೊನ್ನೆ ಫ್ರಿಡ್ಜಿನ ಬಾಗಿಲು ತೆಗೆದಿದ್ಕೂ ಕೂಗಾಡಿದ್ರು. ಸೋಲಾರ್ ಬಂದ್ಮೇಲೆ ನನ್ನ ತೋಳು ಮಾತ್ರ ಗಟ್ಟಿಯಾಗಿದೆ ನೋಡಿ.”

ಶೀನಣ್ಣ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು. ಹೈಬ್ರಿಡ್ ಇದ್ದರೆ ಕರೆಂಟು ಇರುತ್ತದೆ, ಆದರೆ ಬಳಸಲು ಮನಸ್ಸು ಬರುವುದಿಲ್ಲ ಎಂದು ತಿಳಿದುಕೊಂಡರು. ತಪ್ಪು ದೊಡ್ಡಬೈರಪ್ಪನದು, ಮಷೀನಿನದಲ್ಲ ಎಂದು ತುಳಸಮ್ಮ ಹೇಳಿದರೂ ತಲೆಗೆ ಹೋಗಲಿಲ್ಲ.

ಆಷಾಢದ ಮೋಡ ಮುಸುಕಿದಾಗ ಮಲ್ಲೇಶ್ವರಕ್ಕೆ ಹೋದರು. ಅಲ್ಲಿ ದೊಡ್ಡಪ್ಪನ ಮಗ ಬದರೀನಾರಾಯಣ ಆಫ್‌ಗ್ರಿಡ್ ಹಾಕಿಸಿ, ಇದ್ದ ಲೈನನ್ನೂ ತೆಗೆಸಿ ಮೀಟರು ವಾಪಸು ಕೊಟ್ಟಿದ್ದರು. ಹಗಲಲ್ಲೇ ಮನೆ ಗವಿಯಂತಿತ್ತು. ಬದರಿಯವರು ಕಿಟಕಿಯ ಪಕ್ಕ ಮೋಡ ನೋಡುತ್ತ ಕೂತಿದ್ದರು.

“ಶೀನ, ಈ ಮನೇಲಿ ಯಾರ ಹಂಗೂ ಇಲ್ಲಪ್ಪ. ಲೈನ್‌ಮನ್‌ನ ಕೇಳ್ಬೇಕಾಗಿಲ್ಲ, ಬಿಲ್ಲು ಬರೋಲ್ಲ. ನಾನುಂಟು, ಸೂರ್ಯನಾರಾಯಣ ಉಂಟು!”

“ಈ ವಾರ ಸೂರ್ಯನಾರಾಯಣ ಬಂದೇ ಇಲ್ವಲ್ಲ ಅಣ್ಣ?”

“ಬರ್ತಾನೆ. ಎಲ್ಲಿಗೆ ಹೋಗ್ತಾನೆ?” ಬದರಿ ಕತ್ತಲೆಯಲ್ಲಿ ನಕ್ಕದ್ದು ಹಲ್ಲಿನಿಂದ ಗೊತ್ತಾಯಿತು. “ಸಂಯಮ ಕಲೀಬೇಕಪ್ಪ. ಬಿಸಿಲಿದ್ದಾಗ ಚಟ್ನಿ, ಇಲ್ದಿದ್ದಾಗ ಚಟ್ನಿಪುಡಿ.”

ಅತ್ತಿಗೆ ಇಡ್ಲಿಯ ತಟ್ಟೆ ತಂದರು. ಪಕ್ಕದಲ್ಲಿ ಹಸಿರು ಬಣ್ಣದ, ಆಗತಾನೇ ರುಬ್ಬಿದ, ಘಮ್ಮೆನ್ನುವ ಕೊತ್ತಂಬರಿ ಚಟ್ನಿ! ಶೀನಣ್ಣ ಚಟ್ನಿಯನ್ನೂ ಅತ್ತಿಗೆಯನ್ನೂ ನೋಡಿದರು. ಅತ್ತಿಗೆ ಕಣ್ಣು ಮಿಟುಕಿಸಿ ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಕರೆದುಕೊಂಡು ಹೋದರು. ಪಕ್ಕದ ಮನೆಯ ಕಿಟಕಿಯಿಂದ ಒಂದು ವೈರು ಹೊರಟು, ಕಾಂಪೌಂಡು ಹತ್ತಿ, ಕರಿಬೇವಿನ ಗಿಡದ ಮರೆಯಲ್ಲಿ ಇಳಿದು, ಅಡುಗೆಮನೆಯೊಳಗೆ ನುಸುಳಿತ್ತು.

“ನಿಮ್ಮಣ್ಣಂಗೆ ಹೇಳ್ಬಿಟ್ಟೀರಾ ಮತ್ತೆ,” ಎಂದರು ಅತ್ತಿಗೆ ಪಿಸುದನಿಯಲ್ಲಿ. “ಸಂಯಮ ಎಲ್ಲ ಅವರು ನೋಡ್ಕೋತಾರೆ, ಫ್ರಿಡ್ಜು ಮಿಕ್ಸಿ ನಾನು ನೋಡ್ಕೋತೀನಿ. ಪಕ್ಕದ್ಮನೆಯೋರಿಗೆ ದಿನಾ ಸಾರು ಕೊಡ್ತೀನಿ ಅದಕ್ಕೆ.”

ಶೀನಣ್ಣ ಅಣ್ಣನಿಗೆ ಹೇಳಲಿಲ್ಲ. ಮನೆಗೆ ಬಂದು ತುಳಸಮ್ಮನಿಗೆ ಎಲ್ಲವನ್ನೂ ಬಿಡದೆ ಹೇಳಿದರು. ತುಳಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದರು.

“ಸರಿ. ಎರಡೂ ನೋಡಿದ್ರಿ. ಯಾವ್ದಂತೆ?”

“ಒಂದ್ರಲ್ಲಿ ಒಂದು ಒಳ್ಳೇದು, ಇನ್ನೊಂದ್ರಲ್ಲಿ ಇನ್ನೊಂದು ಒಳ್ಳೇದು. ನೋಡೋಣ ತುಳಸಿ.”

“ಈ ಸಲ ನಾನು ಹೇಳಲ್ಲ,” ಎಂದರು ತುಳಸಮ್ಮ. “ಮನೇಲಿ ಎಲ್ಲಾನೂ ನಾನೇ ಹೇಳಿದೀನಿ. ಅಪ್ಪನ ರೈಲಿಗೆ ಏನ್ ಬೇಕು ಅಂತ ನೀವು ಹೇಳಿ. ಅಷ್ಟೂ ಮಾಡಕ್ಕಾಗಲ್ವಾ?”

ಇದನ್ನು ಶೀನಣ್ಣ ಎಣಿಸಿರಲಿಲ್ಲ. ಒಳಗೊಳಗೇ, ಕೊನೆಗೆ ಇವಳು ಹೇಳಿಬಿಡುತ್ತಾಳೆ ಎಂಬ ಧೈರ್ಯದ ಮೇಲೇ ಅವರ ನೋಡೋಣ ಇಷ್ಟು ಕಾಲ ನಡೆದಿತ್ತು. ಆ ಕಂಬವೇ ಪಕ್ಕಕ್ಕೆ ಸರಿದರೆ ಮನುಷ್ಯ ಏನು ಮಾಡಬೇಕು? ಗೌರಿ ಬಂದಳು, ಹೋದಳು. ಪಿತೃಪಕ್ಷ ಕಳೆಯಿತು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ತುಳಸಮ್ಮ ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಸಿಕೊಂಡರು. ಸೀರೆಯಲ್ಲಿ ಸುತ್ತಿದ್ದ ರೈಲನ್ನು ಮುಟ್ಟಲಿಲ್ಲ. ರಾಗಿ ನೆನೆಹಾಕಲಿಲ್ಲ. ಶೀನಣ್ಣ ಏಣಿ ಹಿಡಿದು ನಿಂತಿದ್ದರು.

ಗೊಂಬೆ ಕೂರಿಸಿದ ದಿನ ಸಂಜೆ ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಮನೆಯೊಳಗಿನಿಂದ ಗೊಳ್ಳೆಂಬ ನಗು ಬೀದಿಗೆ ಕೇಳುತ್ತಿತ್ತು. ಭಾಗೀರಥಮ್ಮನ ತಂಡ ಬಂದಿತ್ತು. ಮಲ್ಲೇಶ್ವರದಿಂದ ಬದರಿ ದಂಪತಿ, ಹನುಮಂತನಗರದಿಂದ ದೊಡ್ಡಬೈರಪ್ಪ ದಂಪತಿ, ಎಲ್ಲರೂ ಇದ್ದರು. ಪಾರ್ಕು ಇರಬೇಕಾದ ಜಾಗದಲ್ಲಿ ತುಳಸಮ್ಮ ಎರಡು ರಟ್ಟಿನ ಮನೆ ಮಾಡಿ ಇಟ್ಟಿದ್ದರು. ಎಡಗಡೆಯ ಮನೆಗೆ ಕಪ್ಪು ಬಟ್ಟೆ ಹೊದಿಸಿ, ಒಳಗೆ ಗಡ್ಡದ ಋಷಿಯ ಗೊಂಬೆಯನ್ನು ಆಕಾಶ ನೋಡುವ ಹಾಗೆ ಕೂರಿಸಿದ್ದರು. ಅದರ ಹಿತ್ತಿಲಿನಿಂದ ಒಂದು ದಾರ ಬೇಲಿ ದಾಟಿ ಪಕ್ಕದ ಮನೆಗೆ ಹೋಗಿತ್ತು. ಬಲಗಡೆಯ ಮನೆಯಲ್ಲಿ ಡೊಳ್ಳುಹೊಟ್ಟೆಯ ಶೆಟ್ಟರ ಗೊಂಬೆ ಅಂಗಡಿ ಹಾಕಿಕೊಂಡು ಅಂಗೈಯಲ್ಲಿದ್ದ ಬೆಂಕಿಪೆಟ್ಟಿಗೆಯನ್ನೇ ದಿಟ್ಟಿಸುತ್ತಿತ್ತು. ಹಿಂದೆ ಹೆಂಗಸಿನ ಗೊಂಬೆಯೊಂದು ಒರಳು ತಿರುಗಿಸುತ್ತಿತ್ತು.

ದೊಡ್ಡಬೈರಪ್ಪ ಋಷಿಯನ್ನು ತೋರಿಸಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. “ಹಹಹ! ಬದರಿ ಸ್ವಾಮಿಗಳು ಕತ್ಲೇಲಿ! ಸಕ್ಕತ್ತಾಗಿದೆ ತಾಯಿ!” ಪಕ್ಕದ ಶೆಟ್ಟರು ಯಾರೆಂದು ಅವರಿಗೆ ಹೊಳೆಯಲೇ ಇಲ್ಲ.

ಬದರಿಯವರು ಶೆಟ್ಟರನ್ನು ನೋಡಿ ಉಸಿರುಕಟ್ಟಿ ನಗುತ್ತಿದ್ದರು. “ಬೈರಪ್ಪನೋರ ಹೊಟ್ಟೆ ಕೂಡ ಬಿಟ್ಟಿಲ್ಲ ನೋಡಿ! ಆದ್ರೆ ತುಳಸಿ, ಈ ಋಷಿಗಳ ಹಿತ್ತಿಲಲ್ಲಿ ದಾರ ಯಾಕಮ್ಮ?”

ಅತ್ತಿಗೆಗೆ ಜೋರು ಕೆಮ್ಮು ಬಂತು. “ಬಟ್ಟೆ ಒಣಗ್ಸಕ್ಕೆ ಕಣ್ರೀ. ಋಷಿಗಳಾದ್ರೆ ಪಂಚೆ ಒಗೀಬಾರ್ದಾ?”

ಎಲ್ಲರ ಜೊತೆ ಶೀನಣ್ಣನೂ ನಕ್ಕರು. ಆಮೇಲೆ ಭಾಗೀರಥಮ್ಮ ಎರಡು ಮನೆಗಳ ನಡುವಿನ ಖಾಲಿ ಜಾಗವನ್ನು ತೋರಿಸಿ, “ಇದ್ಯಾರು ಅಂತ ನಾನು ಹೇಳ್ಬೇಕಾಗಿಲ್ಲ ಬಿಡಿ,” ಎಂದರು. ಅಲ್ಲಿ ನಡುಬೀದಿಯಲ್ಲಿ ಒಂದು ಗೊಂಬೆ ಒಂಟಿಯಾಗಿ ನಿಂತಿತ್ತು. ಹೆಗಲಲ್ಲಿ ಉಗುರಿನಷ್ಟು ಪುಟ್ಟ ಹಳದಿ ಚೀಲ. ಅದು ಪಟ್ಟದ ರಾಜ.

ಶೀನಣ್ಣ ತಲೆಯೆತ್ತಿ ಮೇಲಿನ ಮೆಟ್ಟಿಲು ನೋಡಿದರು. ರಾಣಿ ಒಬ್ಬಳೇ ಇದ್ದಳು. ಪಕ್ಕದ ಜಾಗ ಖಾಲಿ. ಮದುವೆಯಾದ ವರ್ಷದಿಂದ ಆ ಜೋಡಿಯನ್ನು ಬಿಡಿಸಿ ಇಟ್ಟದ್ದಿಲ್ಲ, ಪೆಟ್ಟಿಗೆಯಲ್ಲಿ ಕೂಡ ಒಂದೇ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಎಲ್ಲರೂ ಹೊರಟ ಮೇಲೆ ಮೆಲ್ಲಗೆ ಕೇಳಿದರು.

“ತುಳಸಿ, ರಾಜನ್ನ ಯಾಕೆ ಕೆಳಗಿಟ್ಟೆ?”

ತುಳಸಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ತಿರುಗಲಿಲ್ಲ. “ರಾಜರು ನೋಡ್ತಾ ಇದಾರೆ. ನೋಡಿ ಮುಗಿದ್ಮೇಲೆ ಬರ್ತಾರೆ. ರಾಣಿ ಎಲ್ಲಿ ಹೋಗ್ತಾಳೆ, ಕಾಯ್ತಾಳೆ.”

ಬೈದಿದ್ದರೆ ಶೀನಣ್ಣ ಸುಖವಾಗಿ ಕಾಫಿ ಕುಡಿದು ಕೂರುತ್ತಿದ್ದರು. ಈ ಮಾತು ನೆಟ್ಟಗೆ ಎದೆಗೆ ಬಡಿಯಿತು. ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದ ಮುನಿಸ್ವಾಮಿ ಹಿಂದೆ ತಿರುಗಿದರೆ ಹಳದಿ ಚೀಲ ನಿಂತಿದೆ. ಟೀ ಕುಡಿಯುವ ನೆಪದಲ್ಲಿ ತಪ್ಪಿಸಿಕೊಳ್ಳುವುದಕ್ಕೂ ಸಮಯವಿರಲಿಲ್ಲ.

“ಹೈಬ್ರಿಡ್ಡು,” ಎಂದರು ಶೀನಣ್ಣ.

“ಹಾಂ ಸಾರ್, ಹೈಬ್ರಿಡ್ಡಲ್ಲಿ ಏನ್ ಡೌಟು?”

“ಡೌಟಲ್ಲ. ಹೈಬ್ರಿಡ್ ಕೊಡಿ. ಬಸವನಗುಡೀಲಿ ಲೈನು ಇದ್ದೇ ಇರುತ್ತೆ, ಆಗಾಗ ಹೋಗುತ್ತೆ ಅಷ್ಟೆ. ಹೋದಾಗ ನಡೆಸೋಕೆ ಒಂದು ಸಣ್ಣ ಬ್ಯಾಟರಿ ಸಾಕು. ಇರೋ ಲೈನನ್ನ ಕಿತ್ತು ಕತ್ಲೇಲಿ ಕೂರೋದು ಬೇಡ. ಬರೋ ಕರೆಂಟನ್ನ ಮಾರ್ತೀನಿ ಅಂತ ಬೆವರೋದೂ ಬೇಡ.”

ಮುನಿಸ್ವಾಮಿಗೆ ಗಾಬರಿಯಾಯಿತು. ಆಸಾಮಿಗೆ ಜ್ವರವೇನೋ ಎಂದು ಅನುಮಾನಪಟ್ಟ. ಒಂದು ವರ್ಷದ ಅಭ್ಯಾಸ ಬೇರೆ, ಬಾಯಿ ಸುಮ್ಮನಿರಲಿಲ್ಲ. “ಸಾರ್, ಆತುರ ಬೇಡ. ಹೊಸಾದೊಂದು ಮಾಡೆಲ್ ಬರ್ತಿದೆಯಂತೆ. ಅದನ್ನೂ ಒಂದ್ಸಲ ನೋಡಿ…”

“ನೋಡಿದ್ದಾಯ್ತಲ್ಲ ಮಾರಾಯ, ಇನ್ನೇನು ನೋಡೋದು!” ಎಂದು ಗುಡುಗಿದರು ಶೀನಣ್ಣ. ಪಕ್ಕದ ಅಂಗಡಿಯವರು ಎದ್ದುಬಂದು ಇಣುಕಿದರು. ತಮ್ಮ ಬಾಯಿಂದ ಬಂದ ಮಾತು ಯಾರದೆಂದು ಶೀನಣ್ಣನಿಗೆ ಆಮೇಲೆ ಹೊಳೆದು ಕಿವಿ ಕೆಂಪಾಯಿತು.

ಕೆಲಸವೂ ಸುಸೂತ್ರವಾಗಿ ಆಯಿತು ಎಂದುಕೊಳ್ಳಬೇಡಿ. ಆಯುಧಪೂಜೆಯ ದಿನ ಸ್ಕ್ರೂಡ್ರೈವರಿಗೇ ಪೂಜೆ, ಯಾರೂ ಮುಟ್ಟುವ ಹಾಗಿಲ್ಲ ಎಂದು ಮುನಿಸ್ವಾಮಿಯ ಜನ ಹಿಂದಿನ ದಿನವೇ ಓಡೋಡಿ ಮುಗಿಸಿದರು. ತಾರಸಿಯ ಮೇಲೆ ಪ್ಯಾನಲ್ಲು, ನಡುಮನೆಯ ಗೋಡೆಗೆ ಇನ್ವರ್ಟರು, ಕೆಳಗೆ ಬ್ಯಾಟರಿ. ಮೀಟರಿನ ಒಪ್ಪಿಗೆ ಬರುವವರೆಗೆ ಹೊರಗೆ ಕೊಡುವ ಹಾಗಿಲ್ಲ, ಮನೆಗಷ್ಟೇ ಬಳಸಿ ಎಂದು ಹೇಳಿ ಹೋದರು. ಮಾರನೆಯ ದಿನ ಇನ್ವರ್ಟರಿಗೂ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಬೂದುಗುಂಬಳ. ತುಳಸಮ್ಮ ಸೀರೆಯ ಸುತ್ತು ಬಿಚ್ಚಿ ರೈಲನ್ನು ಹೊರಗೆ ತೆಗೆದು, ಎರಡು ರಟ್ಟಿನ ಮನೆಗಳ ಸುತ್ತ ಹಳಿ, ಸುರಂಗ ಜೋಡಿಸಿದರು. ರಾಗಿ ಪೈರಿಗೆ ಸಮಯವಿರಲಿಲ್ಲ, ಭಾಗೀರಥಮ್ಮ ತಮ್ಮ ಪಾರ್ಕಿನಿಂದ ಒಂದು ತಟ್ಟೆ ಪೈರು ತಂದುಕೊಟ್ಟರು. ಬಾಯಿ ಹರಿತವಾದರೂ ಹೆಂಗಸು ಕೆಟ್ಟವರಲ್ಲ.

ರಾಜ ಮಾತ್ರ ನಡುಬೀದಿಯಲ್ಲೇ ನಿಂತಿದ್ದ. “ಕರೆಂಟ್ ಹೋದಾಗ ರೈಲು ಓಡ್ಲಿ, ಆಮೇಲೆ ಮೇಲೆ ಹತ್ತಲಿ,” ಎಂದಿದ್ದರು ತುಳಸಮ್ಮ.

ಮುಖ್ಯವಾದ ತಮಾಷೆ ಇಲ್ಲಿದೆ. ಕರೆಂಟು ಹೋಗಲೇ ಇಲ್ಲ! ವರ್ಷವಿಡೀ ಕಣ್ಣಾಮುಚ್ಚಾಲೆಯಾಡಿದ ಕರೆಂಟು ಈಗ ಜಪ್ಪಯ್ಯ ಎಂದರೂ ಕದಲದು. ಆಯುಧಪೂಜೆಯ ದಿನವೆಲ್ಲ ಶೀನಣ್ಣ ಎದುರುಮನೆಯ ಬಲ್ಬು ನೋಡುತ್ತ ಕೂತರು. ವಿಜಯದಶಮಿ ಬಂತು. ಅಂದು ಸಂಜೆ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಿ ಹಬ್ಬ ಮುಗಿಸುವುದು ಪದ್ಧತಿ. ರಾಜನನ್ನು ಎಲ್ಲಿ ಮಲಗಿಸುವುದು? ಒಬ್ಬನೇ ಬೀದಿಯಲ್ಲಾ?

ಸಂಜೆ ನಡುಮನೆ ತುಂಬಿತ್ತು. ಮಷೀನು ಪರೀಕ್ಷಿಸಲು ಬದರಿಯೂ ಬಂದಿದ್ದರು, ದೊಡ್ಡಬೈರಪ್ಪನೂ ಬಂದಿದ್ದರು. ರೈಲು ಪೈರಿನ ನಡುವೆ ಕಿಟಿಕಿಟಿ ಓಡುತ್ತಿತ್ತು.

“ಕರೆಂಟ್ ಇದ್ದಾಗ ನಮ್ಮನೆ ಗಿರಗಟ್ಲೆನೂ ತಿರುಗುತ್ತೆ ಶೀನಣ್ಣ,” ಎಂದರು ಭಾಗೀರಥಮ್ಮ. “ಇದು ಕೆಲ್ಸ ಮಾಡುತ್ತೆ ಅಂತ ಹೆಂಗೆ ಗೊತ್ತು?”

ಶೀನಣ್ಣ ಎದ್ದರು. “ನಾನೇ ತೆಗೀತೀನಿ ಕರೆಂಟು,” ಎಂದು ಹೊರಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಹತ್ತಿರ ಹೋದರು. ಅಲ್ಲಿ ಹಳೆಯ ಕಾಲದ ಎರಡು ಕಬ್ಬಿಣದ ಮೇನ್ ಸ್ವಿಚ್ಚು ಅಕ್ಕಪಕ್ಕ ಇದ್ದವು. ಒಂದು ಇವರದು, ಒಂದು ಮಹಡಿಯ ಬಾಡಿಗೆಯವರದು. ಯಾವುದು ಯಾವುದೆಂದು ಯಾವತ್ತು ನೋಡಿದ್ದರು? ಕೈ ತಾನಾಗಿ ಗಲ್ಲಕ್ಕೆ ಹೋಗತೊಡಗಿತು. ಶೀನಣ್ಣ ಆ ಕೈಯನ್ನು ಅರ್ಧದಲ್ಲೇ ತಡೆದು, ಕಣ್ಣು ಮುಚ್ಚಿ, ಸಿಕ್ಕಿದ್ದನ್ನು ಕೆಳಗೆಳೆದರು. ಧಡ್!

ಒಳಗೆ ರೈಲು ಓಡುತ್ತಲೇ ಇತ್ತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು.

“ನೋಡಿದ್ರಾ!” ಬದರಿ ಎದ್ದು ನಿಂತರು. “ಲೈನ್ ಇಲ್ದೇನೇ ಓಡ್ತಿದೆ. ಯಾರ ಹಂಗೂ ಇಲ್ಲ. ಇದೇ ನಮ್ಮ ಆಫ್‌ಗ್ರಿಡ್ಡು!”

“ಎಲ್ಲಿ ಸ್ವಾಮಿ ಆಫ್‌ಗ್ರಿಡ್ಡು?” ದೊಡ್ಡಬೈರಪ್ಪನೂ ಎದ್ದರು. “ಕಣ್ಣೇ ಮಿಟುಕಿಸ್ದಂಗೆ ಬದಲಾಯ್ತಲ್ಲ, ಅದು ಹೈಬ್ರಿಡ್ಡಿನ ತಾಕತ್ತು! ಒಂದು ಚೂರಾದ್ರೂ ಅಲ್ಲಾಡ್ತಾ ಹೇಳಿ?”

ಇಬ್ಬರೂ ಮುಖಕ್ಕೆ ಮುಖ ಕೊಟ್ಟು ವಾದಕ್ಕೆ ನಿಂತಾಗ ಬಾಗಿಲಲ್ಲಿ ಮಹಡಿಯ ಗೌರೀಶ್ ಕಾಣಿಸಿಕೊಂಡ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಗಡ್ಡ, ಕೈಯಲ್ಲಿ ಓಡದ ಟ್ರಿಮ್ಮರು.

“ಅಂಕಲ್, ನಮ್ಮನೇದು ಮಾತ್ರ ಕರೆಂಟ್ ಹೋಗಿದೆ. ನಿಮಗೆ ಇದೆಯಲ್ಲ, ಏನಾಯ್ತು?”

ಲಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತಿಗೆ ಗೋಡೆಗೆ ಒರಗಿದರು. ಬದರಿ ಮತ್ತು ದೊಡ್ಡಬೈರಪ್ಪ ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದು ಸದ್ದಿಲ್ಲದೆ ಕೂತರು. ಭಾಗೀರಥಮ್ಮ ನಕ್ಕ ನಗುವಿಗೆ ಮೇಲಿನ ಮೆಟ್ಟಿಲಿನ ಗೊಂಬೆಗಳೂ ನಡುಗಿದವು. ತುಳಸಮ್ಮ ಮಾತ್ರ ನಗಲಿಲ್ಲ. ರೈಲನ್ನೇ ನೋಡುತ್ತಿದ್ದರು. ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ಶೀನಣ್ಣ ಅದನ್ನು ನೋಡಿದರು. ಮತ್ತೆ ಹೊರಗೆ ಹೋಗಿ ಗೌರೀಶನ ಸ್ವಿಚ್ಚು ಮೇಲಕ್ಕೆತ್ತಿ, ಪಕ್ಕದ್ದನ್ನು ಎಳೆದು, ಒಂದೇ ಉಸಿರಿಗೆ ಒಳಗೆ ಓಡಿಬಂದರು. ರೈಲು ಆಗತಾನೇ ಸುರಂಗದೊಳಗೆ ಹೋಗಿತ್ತು. ದೀಪ ಒಂದು ಸಲ ಮಿಣುಕಿತು. ಗೋಡೆಯ ಮೇಲೆ ಇನ್ವರ್ಟರು ಹಾರ ಹಾಕಿಕೊಂಡು ‘ಟುಂಯ್’ ಎಂದಿತು.

ಕಿಟಿಕಿಟಿಕಿಟಿ. ಸುರಂಗದ ಆ ಬಾಯಿಂದ ತಗಡಿನ ಇಂಜಿನ್ನಿನ ಮೂತಿ ಹೊರಗೆ ಬಂತು. ಹಿಂದೆಯೇ ಒಂದೊಂದಾಗಿ ಬೋಗಿಗಳು.

“ಅಪ್ಪಾ,” ಎಂದರು ತುಳಸಮ್ಮ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಶೀನಣ್ಣನಿಗೆ ಕೇಳಿಸಿತು. ಎಂದಿನಂತೆ ಅವರು ನೋಡುತ್ತಿದ್ದದ್ದು ರೈಲನ್ನಲ್ಲ.

ಆರತಿಯಾಯಿತು. ತುಳಸಮ್ಮ ಬಗ್ಗಿ ಬೀದಿಯಲ್ಲಿದ್ದ ರಾಜನನ್ನು ಎತ್ತಿ, ಹೆಗಲಿನ ಹಳದಿ ಚೀಲ ಬಿಡಿಸಿ, ಗಂಡನ ಕೈಗೆ ಕೊಟ್ಟರು. “ನೀವೇ ಕೂರ್ಸಿ. ಆಮೇಲೆ ಇಬ್ರನ್ನೂ ಮಲಗ್ಸೋಣ.”

ಶೀನಣ್ಣ ಸ್ಟೂಲು ಹತ್ತಿದರು. ರಾಣಿಯ ಮುಂದೆ ರಾಜನನ್ನು ಹಿಡಿದರು. ಎಡಗಡೆ ಜಾಗವಿತ್ತು. ಬಲಗಡೆಯೂ ಜಾಗವಿತ್ತು. ಬಾಯಿ ತೆರೆದರು, “ತುಳಸಿ, ಎಡಗಡೆನಾ, ಬಲ…”

ದೊಡ್ಡಬೈರಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು. ಶೀನಣ್ಣ ಕೆಳಗೆ ನಿಂತ ಹೆಂಡತಿಯ ಮುಖ ನೋಡಿ ಮಾತು ನುಂಗಿಕೊಂಡರು, ರಾಜನನ್ನು ಗಟ್ಟಿಯಾಗಿ ರಾಣಿಯ ಎಡಕ್ಕೆ ಇಟ್ಟು, “ಇಲ್ಲೇ,” ಎಂದರು.

ರಾಜ ಕೂರಬೇಕಾದದ್ದು ಬಲಕ್ಕೆ. ಬೀದಿಯ ಹೆಂಗಸರಿಗೆಲ್ಲ ಅದು ಗೊತ್ತು. ಭಾಗೀರಥಮ್ಮ ಹೇಳಲು ಬಾಯಿ ತೆರೆದದ್ದೂ ನಿಜ. ತುಳಸಮ್ಮ ಅವರ ಕೈಯನ್ನು ಮೆಲ್ಲಗೆ ಅದುಮಿ, “ಸರಿಯಾಗಿದೆ ಬಿಡಿ,” ಎಂದರು. ಆ ವರ್ಷ ಶೀನಣ್ಣನ ಮನೆಯಲ್ಲಿ ರಾಜ ತಪ್ಪು ಮಗ್ಗುಲಲ್ಲೇ ಮಲಗಿದ.